ಶೇಂಗಾ ಇಲ್ಲದ ಉಂಡೆ

"ಬುದ್ಧಿ, ಮಕ್ಕಳ ಉಂಡೆಗೆ ಈ ತಿಂಗಳ ಮಟ್ಟಿಗೆ ಶೇಂಗಾ ಹಾಕದಿದ್ದರೆ ತಪ್ಪಾಗುತ್ತದೆಯೇ?"

ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಬೆಂದ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದರು. ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ತಮ್ಮ ಎಳೆಯ ಮಕ್ಕಳನ್ನು ಮಠದಲ್ಲಿ ಬಿಟ್ಟುಹೋಗುತ್ತಿದ್ದರು. ಒಂದು ವರ್ಷದವು, ಎರಡು ವರ್ಷದವು, ಎಲ್ಲ ಸೇರಿ ಇಪ್ಪತ್ತಾರು. ಅವುಗಳ ತಿಂಡಿಯ ಹೊಣೆ ಮರುಳಯ್ಯನದು. ಶೇಂಗಾ ತುಟ್ಟಿಯಾಗಿತ್ತು. ಸಂತೆಗೆ ಹೊರಟವನು ಚೀಟಿಯಲ್ಲಿ ಅದರ ಹೆಸರನ್ನು ಹೊಡೆದುಹಾಕಿ, ಒಂದು ಮಾತು ಕೇಳಿಬಿಡೋಣ ಎಂದು ಬಂದಿದ್ದ. ಹೂಂ ಅನ್ನುತ್ತಾರೆ ಎಂದೇ ಅವನು ತಿಳಿದಿದ್ದ.

"ಉಂಡೆ ಸಣ್ಣದಾಗುವುದಿಲ್ಲ ಬುದ್ಧಿ, ಹಿಟ್ಟು ಸ್ವಲ್ಪ ಜಾಸ್ತಿ ಹಾಕುತ್ತೇನೆ," ಎಂದು ಅವನೇ ಸೇರಿಸಿದ. "ಮಕ್ಕಳಿಗೆ ಗೊತ್ತೂ ಆಗುವುದಿಲ್ಲ."

ಗುರುಗಳು ಕೈಯಲ್ಲಿದ್ದ ಗೆಣಸನ್ನು ಕೆಳಗಿಟ್ಟರು. ಸಂತೆ ಎಲ್ಲಿಗೂ ಓಡಿಹೋಗುವುದಿಲ್ಲ ಕೂತುಕೋ ಎಂದು ಹೇಳಿ, ಕತೆ ಶುರು ಮಾಡಿದರು.

ಒಂದು ಊರಿನ ಮಂಡಕ್ಕಿ ಭಟ್ಟಿಯಲ್ಲಿ ಒಬ್ಬಳು ಹೆಂಗಸು ಕೆಲಸ ಮಾಡುತ್ತಿದ್ದಳು. ಕಾದ ಮರಳಿಗೆ ಅಕ್ಕಿ ಸುರಿಯುವುದು, ಅದು ಅರಳಿದ ಕೂಡಲೇ ಜರಡಿಯಲ್ಲಿ ಎತ್ತುವುದು, ಇಷ್ಟೇ ಅವಳ ಕೆಲಸ. ಒಂದು ಪಾವು ಅಕ್ಕಿಯನ್ನು ಒಂದು ಮೊರ ಮಂಡಕ್ಕಿ ಮಾಡಿ ತೋರಿಸುವ ಕೈ ಅವಳದು. ಗಂಡ ಲಾರಿಯ ಮೇಲೆ ಹೋದನೆಂದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಅವಳು ಮತ್ತು ಎರಡು ವರ್ಷದ ಒಂದು ಹೆಣ್ಣು ಕೂಸು.

ಕೂಸಿಗೆ ಹೆಸರಿಟ್ಟ ದಿನ ಅವಳ ತಾಯಿ ಒಂದು ಕಂಚಿನ ಬಟ್ಟಲು ತಂದುಕೊಟ್ಟಿದ್ದಳು. ಮನೆಯಲ್ಲಿ ಏನೇ ಕೊರತೆಯಾಗಲಿ, ಹೊತ್ತು ಇಳಿಯುವ ಮೊದಲು ಈ ಬಟ್ಟಲು ತುಂಬ ಕೂಸಿಗೆ ತಿನ್ನಲು ಸಿಗಬೇಕು ಎಂದು ಹೇಳಿ ಹೋಗಿದ್ದಳು. ಮಗಳು ಆ ಮಾತನ್ನು ಹರಕೆಯಂತೆ ಹಿಡಿದುಕೊಂಡಳು. ಬೆಳಿಗ್ಗೆ ಮತ್ತು ರಾತ್ರಿ ಇಬ್ಬರಿಗೂ ಇದ್ದದ್ದರಲ್ಲಿ ಎರಡು ತುತ್ತು. ಕೂಸಿನ ಜೀವ ನಿಂತದ್ದು ಆ ಬಟ್ಟಲಿನ ಮೇಲೆ.

ಮೊದಮೊದಲು ಬಟ್ಟಲಿನಲ್ಲಿ ರಾಗಿಯ ಹುರಿಹಿಟ್ಟು ಇರುತ್ತಿತ್ತು. ಭಾನುವಾರ ರಾಗಿ ಹುರಿದು ಬೀಸಿ ಡಬ್ಬಿಗೆ ತುಂಬಿಟ್ಟರೆ ವಾರವಿಡೀ ಸಾಕು. ಮಧ್ಯಾಹ್ನ ಭಟ್ಟಿಯಿಂದ ಓಡಿಬಂದು, ಹಿಟ್ಟಿಗೆ ಬೆಲ್ಲ, ಶೇಂಗಾ ಪುಡಿ, ಒಂದಿಷ್ಟು ಹಾಲು ಹಾಕಿ ಕಲಸಿ ಉಂಡೆ ಮಾಡಿ ತಿನ್ನಿಸುತ್ತಿದ್ದಳು. ತಿಂದು ಮುಗಿದ ಮೇಲೆ ಕೂಸು ಖಾಲಿ ಬಟ್ಟಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಗುತ್ತಿತ್ತು. ತಾಯಿ ಅದನ್ನು ನೋಡಿಯೇ ಕೆಲಸಕ್ಕೆ ವಾಪಸು ಹೋಗುತ್ತಿದ್ದಳು.

ಒಂದು ಸಲ ಶೇಂಗಾ ತುಟ್ಟಿಯಾಯಿತು. ಈ ವಾರದ ಮಟ್ಟಿಗೆ ಬೇಡ ಎಂದುಕೊಂಡು, ಅಷ್ಟೇ ಹಿಟ್ಟು ಜಾಸ್ತಿ ಹಾಕಿ ಬಟ್ಟಲು ತುಂಬಿಸಿದಳು. ಕೂಸು ತಿಂದಿತು. ಎರಡು ತಿಂಗಳ ಮೇಲೆ ಹಾಲು ಕೊಡುವವರ ಎಮ್ಮೆ ಬತ್ತಿತು. ನೀರಿನಲ್ಲಿ ಕಲಸಿದಳು. ಕೂಸು ಅದನ್ನೂ ತಿಂದಿತು. ಬೆಲ್ಲ ಒಂದು ತುಂಡು ಇದ್ದದ್ದು ಒಂದು ಚೂರಾಯಿತು. ದೀಪಾವಳಿ ಹತ್ತಿರ ಬಂದಾಗ ಭಟ್ಟಿಗೆ ಭಾನುವಾರದ ರಜೆ ಹೋಯಿತು, ರಾಗಿ ಹುರಿಯಲು ಪುರಸೊತ್ತು ಸಿಗಲಿಲ್ಲ. ಅವಲಕ್ಕಿ ನೆನೆಸಿ ಕೊಟ್ಟಳು. ಹಬ್ಬ ಮುಗಿದ ಮೇಲೆ ಮತ್ತೆ ರಾಗಿ ಹುರಿಯಬೇಕು ಎಂದುಕೊಂಡಳು. ಎಷ್ಟೋ ಸಲ ಎಂದುಕೊಂಡಳು.

ಕಾರಣಗಳಿಗೇನು ಬರ, ಹುಡುಕಿದರೆ ಸಿಗುತ್ತವೆ. ಇವಳು ಹುಡುಕಿದವಳಲ್ಲ. ಇವಳ ಕಾರಣಗಳೆಲ್ಲ ನಿಜವಾಗಿದ್ದವು, ಸಂಕಟವೆಲ್ಲ ಅದರಲ್ಲೇ ಇದೆ.

ಭಟ್ಟಿಯಲ್ಲಿ ಮುರುಕು ಮಂಡಕ್ಕಿಯನ್ನು ಕೆಲಸದವರಿಗೆ ಬಿಟ್ಟುಕೊಡುತ್ತಿದ್ದರು. ಒಂದು ದಿನ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಟ್ಟಲಿಗೆ ಸುರಿದಳು. ಬಟ್ಟಲು ಗೋಪುರದಂತೆ ಮೇಲೆದ್ದು ನೆಲದ ಮೇಲೂ ಚೆಲ್ಲಿತು. ಅಷ್ಟು ತುಂಬಿದ್ದನ್ನು ಕೂಸು ಎಂದೂ ಕಂಡಿರಲಿಲ್ಲ, ಕೈತಟ್ಟಿ ನಕ್ಕಿತು. ತಾಯಿ ತುತ್ತು ಮಾಡಿ ಕೊಡಬೇಕಾಗಿಯೂ ಇರಲಿಲ್ಲ, ಒಂದೊಂದೇ ಕಾಳು ಹೆಕ್ಕಿ ತಾನೇ ತಿಂದಿತು. ಹುರಿಯುವುದಿಲ್ಲ, ಬೀಸುವುದಿಲ್ಲ, ಕಾಸು ಕೊಡುವುದಿಲ್ಲ. ದೇವರೇ ಒಂದು ದಾರಿ ತೋರಿಸಿದ ಎಂದು ಅವಳು ನಿಟ್ಟುಸಿರು ಬಿಟ್ಟಳು. ಆವತ್ತಿನಿಂದ ದಿನವೂ ಅದೇ ಆಯಿತು. ತಾನು ಎಷ್ಟೋ ರಾತ್ರಿ ನೀರು ಕುಡಿದು ಮಲಗಿದಳು, ಬಟ್ಟಲಿನ ಅಂಚು ಮಾತ್ರ ಒಂದು ದಿನವೂ ಕಾಣಲಿಲ್ಲ.

ಕೂಸು ಬರಬರುತ್ತಾ ಸಾಧುವಾಯಿತು. ಕೂರಿಸಿದಲ್ಲಿ ಕೂತಿರುತ್ತಿತ್ತು. ಬಟ್ಟಲನ್ನು ತಲೆಯ ಮೇಲೆ ಹಾಕಿಕೊಳ್ಳುವುದನ್ನು ಬಿಟ್ಟಿತು. ಬೆಳೀತಾ ಇದೆ, ಬುದ್ಧಿ ಬರ್ತಾ ಇದೆ ಎಂದು ತಾಯಿ ತಿಳಿದಳು. ಹಗಲೆಲ್ಲ ಅದನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿಗೆ ಒಂದು ದಿನ ಯಾಕೋ ಅನುಮಾನ ಬಂತು.

"ಎತ್ತಿಕೊಂಡ್ರೆ ಕೂಸು ಹಗುರ ಅನ್ನಸ್ತೈತಲ್ಲವ್ವ, ಹೊಟ್ಟೆಗೆ ಸರಿಯಾಗಿ ಕೊಡ್ತೀಯೋ ಇಲ್ವೋ?"

"ದಿನಾ ಬಟ್ಟಲು ತುಂಬ ಕೊಡ್ತೀನಿ ಕಣಜ್ಜಿ. ಒಂದ್ ದಿನಾನೂ ತಪ್ಸಿಲ್ಲ, ಬೇಕಾದ್ರೆ ನೀನೇ ನೋಡು."

ಅಜ್ಜಿ ನೋಡಿದಳು. ಬಟ್ಟಲು ತುಂಬಿತ್ತು. ಕೂಸನ್ನು ಕೆಳಗಿಳಿಸಿದಳು.

ಚಳಿ ಬಿದ್ದಾಗ ಆ ಓಣಿಯ ಮಕ್ಕಳಿಗೆಲ್ಲ ಕೆಮ್ಮು ಜ್ವರ ಬಂತು. ಉಳಿದ ಮಕ್ಕಳು ಮೂರು ದಿನ ಮಲಗಿ, ನಾಲ್ಕನೆಯ ದಿನ ಎದ್ದು ಮಣ್ಣಿನಲ್ಲಿ ಆಡಿದವು. ಇವಳ ಕೂಸು ಮೂರನೆಯ ದಿನವೇ ಹೋಯಿತು. ಅತ್ತು ರಂಪ ಮಾಡಲಿಲ್ಲ, ಹಟ ಮಾಡಲಿಲ್ಲ, ಸಾಧುವಾಗಿಯೇ ಹೋಯಿತು. ಕೈಹಿಡಿದು ನೋಡಿದ ವೈದ್ಯ, ಜ್ವರ ಎಲ್ಲರಿಗೂ ಬಂದದ್ದೇ, ತಡೆದುಕೊಳ್ಳಲು ಇದರ ಒಳಗೆ ಏನೂ ಇರಲಿಲ್ಲ ಎಂದ. ಅವಳಿಗೆ ಸಿಟ್ಟು ಬಂತು. ಮಂಡಕ್ಕಿ ತುಂಬಿದ್ದ ಬಟ್ಟಲನ್ನು ತಂದು ಅವನ ಮುಂದೆ ಕುಕ್ಕಿದಳು. ಅವನು ಬಟ್ಟಲನ್ನು ನೋಡಿದ, ಅವಳನ್ನು ನೋಡಿದ, ಎದ್ದು ಹೋದ.

ಹದಿನೈದು ದಿನ ಕಳೆದ ಮೇಲೆ ಅವಳು ಮತ್ತೆ ಭಟ್ಟಿಗೆ ಹೋದಳು. ಮರಳು ಕಾಯಿತು. ಒಂದು ಹಿಡಿ ಅಕ್ಕಿ ಸುರಿದಳು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಾಣಲೆ ತುಂಬಿ ಬಂತು. ಜರಡಿ ಹಿಡಿದ ಕೈ ಹಾಗೇ ನಿಂತಿತು. ಮಂಡಕ್ಕಿ ಕಪ್ಪಾಯಿತು, ಹೊಗೆ ಎದ್ದಿತು, ಪಕ್ಕದವರು ಕೂಗಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಅಕ್ಕಿಯ ಚೀಲಕ್ಕೆ ಕೈಹಾಕಿ, ಒಂದು ಬಟ್ಟಲು ಮಂಡಕ್ಕಿಗೆ ಎಷ್ಟು ಬೇಕೋ ಅಷ್ಟು ಅಕ್ಕಿಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದಳು. ಅಂಗೈಯ ಗುಳಿ ಕೂಡ ತುಂಬಿರಲಿಲ್ಲ.

ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಇಡೀ ಊರಿನಲ್ಲಿ ಅವಳಷ್ಟು ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ಭಟ್ಟಿಯಲ್ಲಿ ಗೊತ್ತಿದ್ದದ್ದು ಮನೆಯಲ್ಲಿ ಗೊತ್ತಾಗಲಿಲ್ಲ, ಅಷ್ಟೆ.

ಆಮೇಲೆ ಅವಳು ಆ ದಿನವನ್ನು ಹುಡುಕತೊಡಗಿದಳು. ಕೂಸು ತನ್ನ ಕೈತಪ್ಪಿದ ದಿನ ಯಾವುದು? ಶೇಂಗಾ ಬಿಟ್ಟ ದಿನವೇ? ಶೇಂಗಾ ಕಾಣದ ಮಕ್ಕಳೂ ಬದುಕಿವೆ. ನೀರಿನಲ್ಲಿ ಕಲಸಿದ ದಿನವೇ? ಹಾಲಿಲ್ಲದ ಮನೆಗಳಲ್ಲೂ ಮಕ್ಕಳು ಓಡಾಡುತ್ತಿವೆ. ಮಂಡಕ್ಕಿ ತಂದ ದಿನವೇ? ಆವತ್ತು ಕೂಸು ಕೈತಟ್ಟಿ ನಕ್ಕಿತ್ತಲ್ಲ. ಒಂದೊಂದು ದಿನವನ್ನೂ ಹಿಡಿದು ನಿಲ್ಲಿಸಿ ಕೇಳಿದಳು. ಒಂದೊಂದು ದಿನವೂ ನಾನಲ್ಲ ಎಂದಿತು. ಅವಳಿಗೆ ಈಗ ತಲೆ ನೆರೆತಿದೆ. ಹುಡುಕುವುದನ್ನು ಬಿಟ್ಟಿಲ್ಲ. ಸಿಕ್ಕಿದ್ದರೆ ಆ ಒಂದು ದಿನವನ್ನು ಬೈದುಕೊಂಡು, ಎದೆ ಬಡಿದುಕೊಂಡು, ಹೇಗೋ ಬದುಕುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಒಳಗೆ ಮಲಗಿದ್ದ ಮಕ್ಕಳಲ್ಲಿ ಒಂದು ಎದ್ದು ಅಳತೊಡಗಿತ್ತು. ಮರುಳಯ್ಯ ಏಳಲಿಲ್ಲ.

"ಅವಳಿಗೆ ಸಿಗದಿದ್ದರೆ ಹೋಗಲಿ ಬುದ್ಧಿ, ನಿಮಗೆ ಗೊತ್ತಿರಬೇಕಲ್ಲ," ಎಂದ. "ಅದು ಯಾವ ದಿನ?"

ಗುರುಗಳು ಅವನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. ಆಮೇಲೆ ಗೆಣಸನ್ನು ಮತ್ತೆ ಎತ್ತಿಕೊಂಡರು.

"ಇಂಥದೇ ಒಂದು ದಿನ, ಮರುಳಯ್ಯ."