ಪ್ರಿನ್ಸಿಪಾಲರ ಎರಡನೇ ಕುರ್ಚಿ

ನಮ್ಮೂರ ಕಾಲೇಜಿನ ಪ್ರಿನ್ಸಿಪಾಲ್ ಚೆನ್ನಮಲ್ಲಪ್ಪನವರಿಗೆ ಕೂಡುವ ಲೆಕ್ಕ ಬರುತ್ತಿತ್ತು. ಅಷ್ಟೇ ಬರುತ್ತಿತ್ತು. ಒಂದು ಬೆಳಿಗ್ಗೆ ಮಕ್ಕಳ ವಿಷಯಗಳ ಪಟ್ಟಿಯನ್ನು ಕೂಡಿ, ತಂದು ಕ್ಲರ್ಕಮ್ಮನ ಮೇಜಿನ ಮೇಲೆ ಕುಕ್ಕಿದರು.

"ಇತಿಹಾಸ ತಗೊಂಡವರು ಐವತ್ತು. ಅರ್ಥಶಾಸ್ತ್ರ ತಗೊಂಡವರು ನಲವತ್ತೈದು. ಒಟ್ಟು ತೊಂಬತ್ತೈದು! ಹಾಜರಿ ಪುಸ್ತಕದಲ್ಲಿ ಎಂಬತ್ತೇ ಹೆಸರಿದೆ. ಉಳಿದ ಹದಿನೈದು ಮಕ್ಕಳು ಎಲ್ಲಮ್ಮಾ?"

"ಹದಿನೈದು ಮಕ್ಕಳು ಎರಡೂ ತಗೊಂಡಿದ್ದಾರೆ, ಸಾರ್."

"ಎದುರುತ್ತರ ಬೇಡ! ಸಂಜೆಯೊಳಗೆ ಹುಡುಕಿ ಕೊಡಿ. ಇಲ್ಲದಿದ್ದರೆ ಸಸ್ಪೆಂಡ್!"

ಅಂದು ಮಧ್ಯಾಹ್ನ ಕಾಲೇಜು ಸಮಿತಿ, ಹಾಸ್ಟೆಲ್ ಸಮಿತಿ ಎರಡೂ ಸೇರಿ ಸಭೆಯಿತ್ತು. ಅದರಲ್ಲಿ ಐದು ಜನ, ಇದರಲ್ಲಿ ನಾಲ್ಕು. ಕ್ಲರ್ಕಮ್ಮ ಒಂಬತ್ತು ಕುರ್ಚಿ ಹಾಕಿಸಿದಳು, ಒಂಬತ್ತು ಪ್ಲೇಟ್ ಉಪ್ಪಿಟ್ಟು ತರಿಸಿದಳು. ಎಲ್ಲರೂ ಬಂದು ಕೂತ ಮೇಲೂ ಒಂದು ಕುರ್ಚಿ ಖಾಲಿ ಉಳಿಯಿತು.

ಪ್ರಿನ್ಸಿಪಾಲರು ಗರಂ ಆದರು. "ಯಾರ್ರೀ ಅದು ಬರದೇ ಇರೋರು? ಹೆಸರು ಬರಕೊಳ್ಳಿ, ನೋಟಿಸ್ ಕೊಡೋಣ!"

ಆಕೆ ಬರೆದುಕೊಂಡು ಗಟ್ಟಿಯಾಗಿ ಓದಿದಳು. "ಹಾಸ್ಟೆಲ್ ಸಮಿತಿ ಅಧ್ಯಕ್ಷರು, ಶ್ರೀ ಚೆನ್ನಮಲ್ಲಪ್ಪನವರು."

"ತಲೆ ಕೆಟ್ಟಿದೆಯೇನಮ್ಮಾ? ಇಲ್ಲೇ ಕೂತಿದ್ದೀನಲ್ಲ!"

"ನೀವು ಕೂತಿರೋದು ಕಾಲೇಜು ಸಮಿತಿ ಕುರ್ಚೀಲಿ, ಸಾರ್. ಐದೂ ನಾಲ್ಕೂ ಒಂಬತ್ತು. ಒಬ್ಬರು ಕಾಣೆ."

"ಎರಡೂ ಸಮಿತೀಲಿ ಇರೋದು ನಾನೇ! ಒಬ್ಬನನ್ನೇ ಎರಡು ಸಲ ಎಣಿಸ್ತಾರೇನ್ರೀ?"

ಸಭೆಯಲ್ಲಿ ಯಾರೋ ಕೆಮ್ಮಿದರು.

"ಹಾಗಾದ್ರೆ ಆ ಹದಿನೈದು ಮಕ್ಕಳೂ ಸಿಕ್ಕಿದ್ರು, ಸಾರ್," ಎಂದಳು ಆಕೆ.

ಆಕೆ ಒಂಬತ್ತನೇ ಪ್ಲೇಟ್ ಎತ್ತಿಕೊಳ್ಳಲು ಬಗ್ಗಿದಾಗ ಪ್ರಿನ್ಸಿಪಾಲರು ಕೈ ಅಡ್ಡ ಹಿಡಿದರು.

"ಅದು ಅಲ್ಲೇ ಇರಲಿ ಬಿಡಮ್ಮಾ. ಹಾಸ್ಟೆಲ್ ಅಧ್ಯಕ್ಷರು ಇನ್ನೂ ತಿಂದಿಲ್ಲ."