ಒಂದು ಕುದುರೆ ಆ ಕಡೆಗೆ, ಒಂದು ಈ ಕಡೆಗೆ

ಟಾಂಗಾ ನಿಲ್ಲಿಸುವ ಮರದ ನೆರಳಲ್ಲಿ ಎರಡು ಕುದುರೆಗಳನ್ನು ನೋಡಿ ಚೆಲುವಿ ಕೇಳಿದಳು, "ಅಜ್ಜೀ, ಅವೆರಡೂ ಟೂ ಬಿಟ್ಟಿದ್ದಾವಾ? ಒಂದು ಆ ಕಡೆ ನೋಡ್ತಿದೆ, ಒಂದು ಈ ಕಡೆ ನೋಡ್ತಿದೆ."

ಟೂ ಅಲ್ಲ ಕಣೆ, ಅದಕ್ಕೆ ಪೂರಾ ಉಲ್ಟಾ. ಕೂತ್ಕೋ, ಹೇಳ್ತೀನಿ. ಮಧ್ಯೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ನೋಡು.

ಭೂಮಿ ಆಗಷ್ಟೇ ಆಗಿತ್ತು. ಬೆಟ್ಟಗಳು ಇನ್ನೂ ಕಲೆಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿದ್ದವು. ಹಳ್ಳಕ್ಕೂ ಮಾತು ಬರುತ್ತಿತ್ತು, ಕುದುರೆಗೂ ಮಾತು ಬರುತ್ತಿತ್ತು.

ಆಗ ಒಂದು ಹಳ್ಳದ ಈಚೆ ದಡದಲ್ಲಿ ಒಂದು ಟಟ್ಟು ಕುದುರೆ ತನ್ನ ಮರಿಯ ಜೊತೆ ಇತ್ತು. ಆ ಮರಿ ಎಷ್ಟು ಕುಳ್ಳ ಅಂದರೆ, ಹುಲ್ಲು ಬೆಳೆದರೆ ಅವನ ಕಿವಿ ಮಾತ್ರ ಕಾಣುತ್ತಿತ್ತು. ಹೆಸರೂ ಗಿಡ್ಡ ಅಂತಲೇ. ತಾಯಿ ದಿನಾ ಅವನಿಗೆ ಒಂದೇ ಬುದ್ಧಿ ಹೇಳುತ್ತಿದ್ದಳು, "ದೊಡ್ಡವರ ಮುಂದೆ ಮುಂದೆ ಹೋಗಬಾರದು ಮಗಾ. ದೊಡ್ಡವರ ಹಿಂದೆ ಇರಬೇಕು."

ಒಂದು ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ಗಿಡ್ಡನಿಗೆ ಉಳಿದದ್ದು ಅವಳ ಆ ಮಾತೊಂದೇ.

ಕುದುರೆಗಳ ಪದ್ಧತಿ ಏನು ಗೊತ್ತಾ? ಒಬ್ಬರು ಮಲಗಿದರೆ ಇನ್ನೊಬ್ಬರು ನಿಂತು ಕಾಯಬೇಕು. ತೋಳ ಬಂದರೆ ಎಬ್ಬಿಸೋರು ಬೇಡವಾ? ಗಿಡ್ಡನಿಗೆ ಕಾಯೋರೇ ಇಲ್ಲ. ಅವ್ವ ಹೋದ ಮೇಲೆ ಅವನು ಒಂದು ದಿನವೂ ನೆಲಕ್ಕೆ ಮೈ ಚಾಚಿ ಮಲಗಲಿಲ್ಲ. ನಿಂತಲ್ಲೇ ತೂಕಡಿಸೋದು, ಎಲೆ ಅಲ್ಲಾಡಿದರೆ ಬೆಚ್ಚಿಬೀಳೋದು. ಪಾಪ.

ಹಳ್ಳದ ಆಚೆ ದಡದಲ್ಲಿ ದೊಡ್ಡ ಕುದುರೆಗಳು ಮೇಯುತ್ತಿದ್ದವು. ಅವರ ಜೊತೆ ಸೇರಿಕೊಂಡರೆ ಒಂದು ಗಳಿಗೆಯಾದರೂ ನಿದ್ದೆ ಮಾಡಬಹುದು ಅಂತ ಗಿಡ್ಡ ಹಳ್ಳ ದಾಟಿದ. ಅವ್ವ ಹೇಳಿದ ಹಾಗೆ ತಲೆ ತಗ್ಗಿಸಿ, ಸದ್ದಿಲ್ಲದೆ, ಹಿಂದಿನಿಂದ ಹೋದ.

ಅಲ್ಲಿ ಕೆಂದ ಅಂತ ಒಂದು ಹರೆಯದ ಕುದುರೆ. ಹಿಂದೆ ಏನೋ ಸುಳಿದಂತಾಯಿತು, ನೋಡಲಿಲ್ಲ, ಕೇಳಲಿಲ್ಲ, ಜಾಡಿಸಿ ಒದ್ದ. ಒದೆ ಕಿವಿ ಸವರಿಕೊಂಡು ಹೋಯಿತು.

ನಾನು ಸರಿಯಾಗಿ ಹಿಂದೆ ನಿಲ್ಲಲಿಲ್ಲವೇನೋ ಅಂದುಕೊಂಡ ಗಿಡ್ಡ. ಇನ್ನೊಂದು ಕುದುರೆಯ ಹತ್ತಿರ ಹೋದ, ಇನ್ನೂ ಮೆಲ್ಲಗೆ, ಇನ್ನೂ ಹಿಂದಕ್ಕೆ. ಈ ಸಲ ಒದೆ ಭುಜಕ್ಕೇ ಬಿತ್ತು. ಕುಂಟುತ್ತಾ ಈಚೆ ದಡಕ್ಕೆ ಬಂದು ಅಳತೊಡಗಿದ.

"ಯಾಕೋ ಅಳ್ತೀಯ?" ಅಂತು ಹಳ್ಳ.

"ಅವರಿಗೆ ನಾನು ಬೇಡ."

"ಯಾವ ಕಡೆಯಿಂದ ಹೋದೆ?"

"ಹಿಂದಿನಿಂದ. ದೊಡ್ಡವರಲ್ವಾ?"

ಹಳ್ಳಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯೋ ಪೆದ್ದೇ, ಕುದುರೆಗೆ ಬೆನ್ನ ಹಿಂದಿನದು ಕಾಣೋದಿಲ್ಲ. ಹಿಂದೆ ಏನು ಬಂದರೂ ಅದಕ್ಕೆ ತೋಳವೇ. ನಿನ್ನನ್ನ ಅವರು ಇನ್ನೂ ನೋಡೇ ಇಲ್ಲ ಕಣೋ. ಈ ದಡದಲ್ಲೇ ಮೇಯ್ತಾ ಇರು, ಕಣ್ಣಿಗೆ ಬೀಳು. ಮಧ್ಯೆ ನಾನಿದ್ದೀನಿ, ಯಾರ ಕಾಲೂ ನಿನಗೆ ತಗಲೋದಿಲ್ಲ."

ಗಿಡ್ಡ ಹಾಗೇ ಮಾಡಿದ. ಅವರು ಆ ದಡದಲ್ಲಿ ಮೇಯ್ದರು, ಇವನು ಈ ದಡದಲ್ಲಿ ಮೇಯ್ದ. ಮೊದಮೊದಲು ಕೆಂದ ಬುಸುಗುಟ್ಟಿದ. ಆಮೇಲೆ ಅದೂ ಬೇಜಾರಾಗಿ ಹುಲ್ಲಿಗೆ ಬಾಯಿ ಹಾಕಿದ.

ಒಂದು ದಿನ ಅವರ ಗುಂಪಿನ ಹಿರಿಯಳು, ದೊಡ್ಡವ್ವ, ನೀರಿಗೆ ಬಂದಳು. ಈಚೆಯಿಂದ ಗಿಡ್ಡನೂ ಬಂದ. ಹಳ್ಳ ಅಲ್ಲಿ ಕಿರಿದು, ಮೂಗಿಗೆ ಮೂಗು ಎಟುಕಿತು. ದೊಡ್ಡವ್ವ ಅವನ ಉಸಿರನ್ನ ಎಳೆದುಕೊಂಡಳು, ತನ್ನ ಉಸಿರನ್ನ ಅವನಿಗೆ ಬಿಟ್ಟಳು.

"ಯಾರ ಮಗನೋ ನೀನು? ಬಾಯಲ್ಲಿ ಇನ್ನೂ ಹಾಲಿನ ವಾಸನೆ ಇದೆ. ಬಾ ಈ ಕಡೆ. ಇವತ್ತು ನಾನೊಬ್ಬಳೇ ನಿನ್ನ ಜೊತೆ ಇರ್ತೀನಿ, ಮಿಕ್ಕವರು ಆಮೇಲೆ."

ಗಿಡ್ಡ ದಾಟಿ ಬಂದ. ಬಂದವನೇ ಮಾಡಿದ್ದೇನು? ನೇರ ಅವಳ ಹಿಂದೆ ಹೋಗಿ ನಿಂತ!

"ಹಿಂದೆ ನಿಲ್ಲಬೇಡ ಕಂದ," ಅಂದಳು ದೊಡ್ಡವ್ವ. "ಬೆಚ್ಚಿದರೆ ನನ್ನ ಕಾಲು ನನ್ನ ಮಾತೇ ಕೇಳೋದಿಲ್ಲ."

"ಹಿಂದೇನೇ ಇರಬೇಕು ಅಂತ ನಮ್ಮವ್ವ ಹೇಳಿದ್ದಾಳೆ."

"ಎಲ್ಲಿ ನಿಮ್ಮವ್ವ?"

ಗಿಡ್ಡ ತಾನು ಬಿಟ್ಟು ಬಂದ ಖಾಲಿ ದಡದ ಕಡೆ ನೋಡಿದ. ದೊಡ್ಡವ್ವನಿಗೆ ಅರ್ಥವಾಯಿತು. ಅವಳೂ ಮಕ್ಕಳನ್ನ ಹೆತ್ತವಳು.

ಹುಲ್ಲು ಅಗಿಯುತ್ತಾ ಅಂದಳು, "ಅವ್ವನ ಮಾತು ಮೀರೋದು ಬೇಡ. ನನ್ನ ಪಕ್ಕಕ್ಕೆ ಬಾ. ನಾನು ಈ ಕಡೆ ನೋಡ್ತೀನಿ, ನೀನು ಆ ಕಡೆ ನೋಡು. ನಿನ್ನ ಮುಖ ನನ್ನ ಬಾಲದ ಹತ್ತಿರವೇ ಇರುತ್ತೆ, ಅವ್ವನ ಮಾತೂ ಉಳಿಯಿತು. ನೀನು ನನ್ನ ಕಣ್ಣಿಗೆ ಕಾಣ್ತೀಯ, ನನ್ನ ಕಾಲೂ ಸುಮ್ಮನಿರುತ್ತೆ."

ಹಾಗೇ ನಿಂತರು. ಗಿಡ್ಡನ ಮುಖಕ್ಕೆ ನೊಣ ಮುತ್ತಿದಾಗ ದೊಡ್ಡವ್ವನ ಬಾಲ ಓಡಿಸಿತು. ಅವಳ ಮುಖಕ್ಕೆ ನೊಣ ಬಂದಾಗ ಗಿಡ್ಡನೂ ಬಾಲ ಬೀಸಿದ. ಮೋಟು ಬಾಲ, ಎಟುಕಲಿಲ್ಲ. ಮತ್ತೆ ಬೀಸಿದ, ಎಟುಕಲಿಲ್ಲ. ದೊಡ್ಡವ್ವ ಕತ್ತು ಬಗ್ಗಿಸಿದಳು. ಆಗ ಎಟುಕಿತು.

ನೊಣ ಓಡಿಸುತ್ತಾ ಓಡಿಸುತ್ತಾ ಗಿಡ್ಡನಿಗೆ ಕಣ್ಣು ಎಳೆಯತೊಡಗಿತು. ಅಲ್ಲೇ ಹುಲ್ಲಿನ ಮೇಲೆ ಮೈ ಚಾಚಿದ. ಗೊರಕೆ ಕೇಳಿ ಕೆಂದ ಯಾರದು ಅಂತ ನೋಡಲು ಬಂದ. ದೊಡ್ಡವ್ವ ಕಿವಿ ಹಿಂದಕ್ಕೆ ಮಡಚಿ, "ಮಗು ಮಲಗಿದೆ" ಅಂದಳು. ಕೆಂದ ಬಗ್ಗಿ ಆ ಮೂಗನ್ನ ಮೂಸಿದ. ನಾನು ಒದ್ದದ್ದು ಇದನ್ನೇನಾ ಅಂತ ನಾಚಿಕೆಯಾಯಿತು ಅವನಿಗೆ. ಮಗುವಿನ ಇನ್ನೊಂದು ಪಕ್ಕಕ್ಕೆ ಹೋಗಿ, ಆ ಕಡೆಗೆ ಮುಖ ಮಾಡಿ, ಅವನೂ ಕಾವಲು ನಿಂತ.

ಗಿಡ್ಡ ಎದ್ದದ್ದು ಹೊತ್ತು ಇಳಿದ ಮೇಲೇನೇ.

ಅದಕ್ಕೇ ಕಣೆ ಚೆಲುವಿ, ಜೊತೆಯಾದ ಕುದುರೆಗಳು ಇವತ್ತಿಗೂ ಒಂದು ಆ ಕಡೆಗೆ, ಒಂದು ಈ ಕಡೆಗೆ ಮುಖ ಮಾಡಿ ನಿಲ್ಲೋದು. ಅಲ್ಲಿ ನೋಡು, ಆ ದೊಡ್ಡದು ಕತ್ತು ಬಗ್ಗಿಸಿದೆಯಲ್ಲ, ಸುಸ್ತಾಗಿ ಅಲ್ಲ ಅದು, ಪಕ್ಕದ ಚಿಕ್ಕದರ ಬಾಲ ತನಗೆ ಎಟುಕಲಿ ಅಂತ.