ನಂಬರಿಲ್ಲದ ಹೆಗ್ಗಣ

ಕಾರ್ಖಾನೆಯ ಮೋರಿಯಲ್ಲಿ ಮರಿಗಳ ಜೊತೆ ಸಂಸಾರ ಹೂಡಿದ್ದ ಹೆಗ್ಗಣವೊಂದು, ಒಂದು ದಿನ ಪಕ್ಕದ ಪ್ರಯೋಗಶಾಲೆಗೆ ನುಗ್ಗಿ, ಪಂಜರದೊಳಗೆ ಕಿವಿಗೆ ನಂಬರಿನ ಬಿಲ್ಲೆ ಹಾಕಿಸಿಕೊಂಡಿದ್ದ ಬಿಳಿ ಇಲಿಯನ್ನು ಕಂಡು ಮರುಗಿತು.

“ನಿನ್ನ ಪಾಡು ನಾಯಿಗೂ ಬೇಡ ಕಣೆ. ಕುಡಿಯೋ ನೀರಿಗೂ ಅಳತೆಯಂತೆ.”

“ಹೌದಕ್ಕಾ. ನಿಮ್ಮ ಮೋರಿಯದೇ ನೀರು, ದಿನಕ್ಕೆ ಎರಡೇ ತೊಟ್ಟು,” ಎಂದಿತು ಇಲಿ. “ಮೊನ್ನೆ ನನ್ನ ತಂಗಿಯ ಹೊಟ್ಟೆ ಕೊಯ್ದು ನೋಡಿದರು. ಲಿವರ್ ಕೊಳೆತ ಬದನೆಕಾಯಿ ಹಾಗಾಗಿತ್ತು. ಎಲ್ಲ ಬರೆದುಕೊಂಡರು.”

ಹೆಗ್ಗಣ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಿತು.

“ನಾವು ಹೊಟ್ಟೆ ತುಂಬ ಕುಡೀತೀವಲ್ಲೇ. ನಮ್ಮದನ್ನ ಯಾರು ನೋಡ್ತಾರೆ?”

“ಯಾರೂ ನೋಡಲ್ಲ ಅಕ್ಕಾ. ನಿಮ್ಮ ಕಿವಿಯಲ್ಲಿ ನಂಬರೆಲ್ಲಿದೆ?”

ಹೆಗ್ಗಣ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿತು. ಮೋರಿಗೆ ಬಾಯಿಟ್ಟಿದ್ದ ಕಿರಿಮರಿಯ ಕುತ್ತಿಗೆ ಕಚ್ಚಿ ಹಿಂದಕ್ಕೆಳೆಯಿತು.

“ಬಿಡವ್ವಾ,” ಎಂದಿತು ಮರಿ, “ಹೊಟ್ಟೆ ಇನ್ನೂ ತುಂಬಿಲ್ಲ.”